ಬೆಲ್ಲದ ಕ್ಯಾನಿನ ಆಚಾರ್ರು

ನಮ್ಮ ಆಚಾರ್ರು ಹೋದರು. ಮೊನ್ನೆ ಬೆಳಿಗ್ಗೆ ಬೈಲಹೊಂಗಲದ ಬಸ್ ಸ್ಟ್ಯಾಂಡಿನಲ್ಲಿ ನಿಂತಿದ್ದಾಗ ಮಲ್ಲವ್ವನ ಫೋನ್ ಬಂತು. "ಬಾಯಾರ, ಆಚಾರ್ರು ತೀರಕೊಂಡ್ರಂತ್ರಿ" ಎಂದಳು. ಆಮೇಲೆ ಬರೀ ಅವಳ ಉಸಿರಿನ ಸದ್ದು. ಮಲ್ಲವ್ವನ ಉಸಿರಿಗೆ ಸದ್ದಿದೆ. ಯಾಕೆ ಅಂತ ಮುಂದೆ ಹೇಳುತ್ತೇನೆ.

ಆಚಾರ್ರ ಹೆಸರು ಕೇಳಬೇಡಿ, ಫೋಟೋ ಕೇಳಬೇಡಿ. ಫೋನು ಎತ್ತಿ ಹಿಡಿದರೆ ಸಾಕು, ಆ ಮನುಷ್ಯ ಬೆನ್ನು ತಿರುಗಿಸಿ ನಿಲ್ಲುತ್ತಿದ್ದರು. ಇನ್ನೊಂದು ಮಾತು. "ಓಂ ಶಾಂತಿ" ಹಾಕುವವರು ಪೂರ್ತಿ ಓದಿ ಹಾಕಿ. ಹೋದ ಸಲ ನಮ್ಮ ಎಮ್ಮೆ ಕರು ಹಾಕಿದ ಪೋಸ್ಟಿಗೂ ಮೂರು ಜನ ಓಂ ಶಾಂತಿ ಹಾಕಿದ್ದಿರಿ.

ಹೊಸಬರಿಗೆ ಹೇಳುತ್ತೇನೆ. ನಾನು ಕಿತ್ತೂರಿನ ಕಡೆ ಗುಡ್ಡದ ಮಗ್ಗುಲಲ್ಲಿರುವ ಒಂದು ವಿಶ್ವವಿದ್ಯಾಲಯದಲ್ಲಿ ಸ್ಟೋರ್ಸ್ ಗುಮಾಸ್ತೆ. ಸೀಮೆಸುಣ್ಣದಿಂದ ಕಸಬರಿಗೆವರೆಗೆ ಏನು ಬೇಕಾದರೂ ನನ್ನ ಟೇಬಲ್ಲಿನ ಫೈಲು ದಾಟಿಯೇ ಬರಬೇಕು. ಆಚಾರ್ರು ಅಲ್ಲಿ ಸ್ವಚ್ಛತೆಯ ಮೇಲ್ವಿಚಾರಕರು. ರಾಮದುರ್ಗ ತಾಲೂಕಿನ ತೊರಗಲ್ಲಿನವರು. ಮನೆತನದ ಕಸುಬು ಪೂಜೆ. ಇವರು ಹಿಡಿದದ್ದು ಕಸಬರಿಗೆ. ಹಣೆಗೆ ಗಂಧ, ಕಿವಿಯ ಹಿಂದೆ ತುಳಸಿ ದಳ, ಕೈಯಲ್ಲಿ ಶೌಚಾಲಯದ ಬ್ರಷ್ಷು. ಬೆಳ್ಳುಳ್ಳಿ ಹಾಕಿದ ಸಾರು ಮುಟ್ಟದ ಮನುಷ್ಯ ಗಂಡುಮಕ್ಕಳ ಹಾಸ್ಟೆಲ್ಲಿನ ಕಮೋಡಿನೊಳಗೆ ಮೊಣಕೈವರೆಗೆ ಕೈ ಹಾಕುತ್ತಿದ್ದರು.

ಒಮ್ಮೆ ಯಾವುದೋ ಕೆಲಸಕ್ಕೆ ಅವರ ಚಿಕ್ಕಪ್ಪನ ಮಗ ಬಂದಿದ್ದ. ಗುಡಿಯ ಪೂಜೆ ಅವನದು. ನನ್ನ ಟೇಬಲ್ಲಿನ ಮುಂದೆಯೇ ಕುಳಿತು ಚುಚ್ಚಿದ.

"ಏನೋ ಅಣ್ಣಾ, ಊರಾಗ ಜನ ನಿನಗ ಪಾಯಖಾನಿ ಆಚಾರಿ ಅನ್ನಲಿಕತ್ತಾರ."

"ಅನ್ನಲಿ ಬಿಡೋ" ಎಂದರು ಇವರು. "ನೀ ಗರ್ಭಗುಡಿ ಎಷ್ಟ ದಿನಕ್ಕೊಮ್ಮೆ ತೊಳೀತಿ?"

"ಹುಣ್ಣಿಮಿ ಅಮಾಸಿಗೆ."

"ನಾ ದಿನಕ್ಕ ನಾಕ ಸಲ ತೊಳೀತೇನಿ. ಮಡಿ ಯಾರದ ಹೆಚ್ಚಾತು?"

ಅವನು ಚಹಾ ಅರ್ಧಕ್ಕೆ ಬಿಟ್ಟು ಎದ್ದು ಹೋದ. ಆಚಾರ್ರು ಆ ಕಪ್ಪನ್ನೂ ತೊಳೆದಿಟ್ಟರು.

ಹಾಗಂತ ಮೊದಲಿನಿಂದಲೂ ಹೀಗೇ ಇದ್ದರು ಅಂದುಕೊಳ್ಳಬೇಡಿ. ಕೆಲಸಕ್ಕೆ ಸೇರಿದ ವರ್ಷ ಎಲ್ಲರ ಹಾಗೆಯೇ ಆಸಿಡ್ಡು, ಫಿನೈಲು, ಬ್ಲೀಚಿಂಗ್ ಪೌಡರಿನ ಭಕ್ತರು. ಆ ವರ್ಷ ಯಾರೋ ದೊಡ್ಡವರು ಬರುವವರಿದ್ದರು. ಇವರಿಗೆ ಹುರುಪು. ಶೌಚಾಲಯ ಹಾಲಿನ ಹಾಗೆ ಬೆಳ್ಳಗಾಗಬೇಕು ಅಂತ ತಮ್ಮ ಕೈಕೆಳಗೆ ತೊಳೆಯುವ ಕೆಲಸಕ್ಕಿದ್ದ ಮಲ್ಲವ್ವನನ್ನು ಕರೆದು, "ಮೊದಲ ಆಸಿಡ್ ಹಾಕು, ಅದರ ಮ್ಯಾಲ ಬ್ಲೀಚಿಂಗ್ ಹಾಕು, ಬಾಗಲಾ ಮುಚಗೊಂಡು ತಿಕ್ಕು" ಎಂದರು. ಎರಡೂ ಕೂಡಬಾರದು ಅಂತ ಅವರಿಗೂ ಗೊತ್ತಿರಲಿಲ್ಲ, ಅವಳಿಗೂ ಇಲ್ಲ. ಸಾಮಾನು ಕೊಟ್ಟ ನನಗೂ ಗೊತ್ತಿರಲಿಲ್ಲ. ಹಳದಿ ಹೊಗೆ ಎದ್ದಿತು. ಬಾಗಿಲು ಒಡೆದು ಅವಳನ್ನು ಹೊರಗೆ ಎಳೆದುಕೊಂಡದ್ದು ಆಚಾರ್ರೇ.

ಮಲ್ಲವ್ವ ಬದುಕಿದಳು. ಆದರೆ ಅವಳ ಎದೆ ಮೊದಲಿನಂತಾಗಲಿಲ್ಲ. ಇವತ್ತಿಗೂ ಒಂದು ಮಹಡಿ ಹತ್ತಿದರೆ ಕುಳಿತು ಏಳಬೇಕು.

ಅವಳು ಮುರಗೋಡದವಳು. ಮಾತಾಡಿಸಿಕೊಂಡು ಬರಲು ಆಚಾರ್ರು ಹೊರಟಾಗ ನನ್ನನ್ನೂ ಕರೆದುಕೊಂಡು ಹೋದರು. ಒಬ್ಬರೇ ಹೋಗಲು ಧೈರ್ಯವಿರಲಿಲ್ಲ, ಅದು ನಿಜ. ಮಲ್ಲವ್ವ ಗೋಡೆಗೆ ಒರಗಿ ಕುಳಿತಿದ್ದಳು. ಅವಳ ಅತ್ತೆ, ಹಲ್ಲಿಲ್ಲದ ಮುದುಕಿ, ನಮಗೆ ಕಂಬಳಿ ಹಾಸಿ ಕೂಡಿಸಿದಳು. ಬೈಯಲಿಲ್ಲ. ಆಚಾರ್ರ ಹಣೆಯ ಗಂಧವನ್ನು ನೋಡಿ ಒಂದೇ ಪ್ರಶ್ನೆ ಕೇಳಿದಳು.

"ಯಪ್ಪಾ, ನಿಮ್ಮ ಮನ್ಯಾಗ ದೇವರ ಸಾಮಾನು ಆಸಿಡ್ ಹಾಕಿ ತಿಕ್ಕತೀರೇನು?"

"ಇಲ್ಲವ್ವಾ. ಹುಣಸಿಹಣ್ಣು, ಬೂದಿ."

"ಮತ್ತ ಅದು ಬೆಳ್ಳಗ ಆಗೂದಿಲ್ಲೇನು?"

ಆಚಾರ್ರು ಮಲ್ಲವ್ವನ ಕಡೆ ತಿರುಗಿ, "ನಾ ಇರೂತನಕ ಆ ಕ್ಯಾಂಪಸ್ಸಿನೊಳಗ ಆಸಿಡ್ ಬಾಟಲಿ ಬರೂದಿಲ್ಲವ್ವಾ. ಮಾತ ಕೊಟ್ಟೇನಿ" ಎಂದರು.

ಮುದುಕಿ ಬಿಡಲಿಲ್ಲ. "ನೀವು ಇರೂತನಕ ಸರಿ. ನೀವು ಹ್ವಾದ ಮ್ಯಾಲ?"

ಬಸ್ಸಿನಲ್ಲಿ ಬರುವಾಗ ಆಚಾರ್ರು ಕಿಟಕಿಯ ಹೊರಗೆ ನೋಡುತ್ತಲೇ ಇದ್ದರು. ನಾನು ಶೇಂಗಾ ಕೊಟ್ಟೆ. ತಿನ್ನಲಿಲ್ಲ.

ಅಂದಿನಿಂದ ಶುರುವಾಯಿತು ನೋಡಿ ಅವರ ಸಂಸಾರ. ನೆಲ ಒರೆಸಲು ಅಂಟವಾಳಕಾಯಿ ಕುದಿಸಿದ ನೀರು, ಆ ನೀರು ಮತ್ತೆ ಬೇವಿನ ಗಿಡಗಳಿಗೆ. ಹಿತ್ತಾಳೆಯ ನಾಮಫಲಕಗಳಿಗೆ ಹುಣಸೆಹಣ್ಣು. ಎಲೆ ಸುಡುವಂತಿಲ್ಲ, ಗುಂಡಿಗೆ ಹಾಕಬೇಕು. ಶೌಚಾಲಯಕ್ಕೆ ಮಾತ್ರ ಅವರು ಎಲ್ಲೆಲ್ಲೋ ಕೇಳಿ, ಮೂರು ಸಲ ಕೆಡಿಸಿ, ನಾಲ್ಕನೆಯ ಸಲಕ್ಕೆ ಹಿಡಿದ ದ್ರಾವಣ. ನಿಂಬೆ, ಮೋಸಂಬಿ ಸಿಪ್ಪೆ ಮೂರು ಪಾಲು, ಬೆಲ್ಲ ಒಂದು ಪಾಲು, ನೀರು ಹತ್ತು ಪಾಲು. ಕ್ಯಾನಿಗೆ ತುಂಬಿ ಮೂರು ತಿಂಗಳು ಬಿಟ್ಟರೆ ಹುಳಿಯಾಗಿ ಕಲೆ ತೆಗೆಯುವ ನೀರಾಗುತ್ತದೆ. ಕೈ ಸುಡುವುದಿಲ್ಲ, ಎದೆ ಕಟ್ಟುವುದಿಲ್ಲ. ಕಲ್ಲಿನಂತಾದ ಹಳೆಯ ಕಲೆಗೆ ಅಷ್ಟಾಗಿ ನಡೆಯುವುದಿಲ್ಲ, ಅದನ್ನೂ ಹೇಳಿಬಿಡುತ್ತೇನೆ. ಅಂಥ ಕಡೆ ಆಚಾರ್ರು ಇಟ್ಟಿಗೆ ಚೂರು ಹಿಡಿದು ತಾವೇ ಕೂರುತ್ತಿದ್ದರು.

ಸಿಪ್ಪೆ ಬೈಲಹೊಂಗಲದ ಜ್ಯೂಸಿನ ಅಂಗಡಿಯದು. ಎರಡು ಚೀಲ ಹೊತ್ತು ಬಸ್ಸು ಹತ್ತಿದರೆ ಕಂಡಕ್ಟರು, "ಆಚಾರ್ರ, ನಿಮ್ಮ ಸಿಪ್ಪಿಗೂ ಅರ್ಧಾ ಟಿಕೀಟ ತಗೀರಿ" ಎನ್ನುತ್ತಿದ್ದ. ಬೆಲ್ಲ ಯರಗಟ್ಟಿ ಸಂತೆಯದು. ಅಡಿಗೆಗೆ ಯಾರೂ ಕೊಳ್ಳದ ಕರಿ ಬೆಲ್ಲ. ನಮ್ಮ ಕಡೆ ಕರಿ ಬೆಲ್ಲವನ್ನು ಹಾಗೆ ಗಂಟುಗಟ್ಟಲೆ ಒಯ್ಯುವವರು ಯಾರು, ಯಾತಕ್ಕೆ ಒಯ್ಯುತ್ತಾರೆ ಅಂತ ಎಲ್ಲರಿಗೂ ಗೊತ್ತು. ಅಂಗಡಿಯವನು ಹಣೆಯ ಗಂಧ ನೋಡಿ, ಬೆಲ್ಲ ನೋಡಿ, ಮತ್ತೆ ಗಂಧ ನೋಡಿ, "ದೇವರ ಕೆಲಸಕ್ಕೇನ್ರಿ?" ಎಂದು ಕೇಳುತ್ತಿದ್ದನಂತೆ. "ಹೌದಪ್ಪಾ, ಅದಕ್ಕ" ಎನ್ನುತ್ತಿದ್ದರು ಇವರು.

ಪ್ರೊಫೆಸರುಗಳದು ಒಂದೇ ದೂರು. ಫಿನೈಲ್ ವಾಸನೆ ಬರುವುದಿಲ್ಲ, ಆದ್ದರಿಂದ ತೊಳೆದಿಲ್ಲ. ಇಷ್ಟಿಷ್ಟು ದಪ್ಪ ಪುಸ್ತಕ ಓದಿದವರು ಮೂಗಿನಿಂದ ಯೋಚನೆ ಮಾಡುತ್ತಿದ್ದರು. ಆಚಾರ್ರು ಎಲ್ಲರಿಗೂ ಒಂದೇ ಉತ್ತರ ಕೊಡುತ್ತಿದ್ದರು. "ಸರ, ಸ್ವಚ್ಛಕ್ಕ ವಾಸನಿ ಇರಂಗಿಲ್ರಿ. ವಾಸನಿ ಬರಾಕತ್ತದ ಅಂದ್ರ ಯಾರೋ ಏನೋ ಮುಚ್ಚಾಕತ್ತಾರ ಅಂತ ತಿಳೀರಿ."

ಈಗ ನಾನು ಮುಚ್ಚಿದ್ದರ ಕಥೆ. ಇಷ್ಟು ವರ್ಷ ಯಾರಿಗೂ ಹೇಳಿಲ್ಲ.

ಆ ಕ್ಯಾನುಗಳಿಗೆ ಒಂದು ಗುಣವಿತ್ತು. ಒಳಗೆ ಹುಳಿಯುತ್ತಾ ಗಾಳಿ ತುಂಬಿಕೊಳ್ಳುತ್ತವೆ. ಮೊದಲ ತಿಂಗಳು ದಿನಾ ಬೆಳಿಗ್ಗೆ ಮುಚ್ಚಳ ತಿರುಗಿಸಿ ಗಾಳಿ ಬಿಡಬೇಕು, ಮತ್ತೆ ಸಡಿಲವಾಗಿಯೇ ಇಡಬೇಕು. ಗ್ರಂಥಾಲಯದ ಹಿಂದಿನ ತಗಡಿನ ಶೆಡ್ಡಿನಲ್ಲಿ ಆಚಾರ್ರು ಬೆಳಿಗ್ಗೆ ಒಂದೊಂದೇ ಕ್ಯಾನಿನ ಮುಂದೆ ಕುಳಿತು "ಉಸ್" ಅನ್ನಿಸುತ್ತಿದ್ದರು. ಎಳೆ ಮಕ್ಕಳಿಗೆ ಹಾಲು ಕುಡಿಸಿ ತೇಗು ತೆಗೆಸುತ್ತೇವಲ್ಲ, ಹಾಗೆ.

ಅಣ್ಣನ ತಿಥಿಗೆ ನಾಲ್ಕು ದಿನ ತೊರಗಲ್ಲಿಗೆ ಹೊರಟಾಗ ಕೀಲಿಕೈ ನನಗೆ ಕೊಟ್ಟರು. ಮಲ್ಲವ್ವ ಆ ವಾರ ರಜೆಯಲ್ಲಿದ್ದಳು. "ಬಾಯಾರ, ಮುಂಜಾನೆ ಒಮ್ಮೆ ಮುಚ್ಚಳ ಸಡಲ ಮಾಡ್ರಿ. ಮತ್ತೇನೂ ಮಾಡಬ್ಯಾಡ್ರಿ."

ಮೊದಲ ದಿನ ಹೋದೆ. ನೋಡಿದರೆ ಇರುವೆ ಸಾಲು! ಒಂದು ಕ್ಯಾನಿನ ಕಂಠ ಕಾಣದಷ್ಟು ಇರುವೆ. ನೀವೇ ಹೇಳಿ, ಬೆಲ್ಲದ ಡಬ್ಬಿಯ ಮುಚ್ಚಳವನ್ನು ಸಡಿಲ ಬಿಟ್ಟು ಬರುವ ಹೆಂಗಸು ನಮ್ಮ ಬೈಲಹೊಂಗಲದಲ್ಲಿ ಇದ್ದಾಳೆಯೇ? ನನ್ನ ಕೈ ನನ್ನ ಮಾತು ಕೇಳಲಿಲ್ಲ. ಎಲ್ಲ ಮುಚ್ಚಳ ಬಿಗಿ ಮಾಡಿದೆ. ಮೇಲೆ ಪ್ಲಾಸ್ಟಿಕ್ ಹೊದಿಸಿದೆ. ಸ್ಟೋರ್ಸಿನಿಂದ ಫೈಲು ಕಟ್ಟುವ ಕೆಂಪು ದಾರ ತಂದು ಒಂದೊಂದಕ್ಕೂ ಎರಡೆರಡು ಗಂಟು ಹಾಕಿದೆ. ಕೈ ತೊಳೆದುಕೊಂಡು ಬಂದೆ. ಮನಸ್ಸಿಗೆ ಬಹಳ ಸಮಾಧಾನವಾಯಿತು. ಮುಂದಿನ ಎರಡು ದಿನ ಆ ಕಡೆ ಹೋಗಲೇ ಇಲ್ಲ.

ಮೂರನೆಯ ದಿನ ಮಧ್ಯಾಹ್ನ, ಊಟದ ಹೊತ್ತಿಗೆ, ಢಂ ಅಂತು. ಮತ್ತೊಂದು ಢಂ. ಆಮೇಲೆ ಲೆಕ್ಕ ತಪ್ಪಿತು. ಗ್ರಂಥಾಲಯದಲ್ಲಿ ಓದುತ್ತಿದ್ದ ಹುಡುಗರು ಓಡಿ ಬಂದರು, ಮಲಗಿದ್ದವರೂ ಓಡಿ ಬಂದರು. ಶೆಡ್ಡಿನ ತಗಡು ಒಂದು ಕಡೆ ಎದ್ದು ನಿಂತಿತ್ತು. ಗೋಡೆಯ ತುಂಬ ಮೋಸಂಬಿ ಸಿಪ್ಪೆ. ಪುಣ್ಯಕ್ಕೆ ಒಳಗೆ ಯಾರೂ ಇರಲಿಲ್ಲ.

ಗೇಟಿನ ಕಾವಲುಗಾರ ಬಂದ. ಮೂಗು ಎತ್ತಿದ. ಕಣ್ಣು ಮುಚ್ಚಿದ. ಅವನ ಮುಖದ ಮೇಲೆ ಅಂಥ ಶಾಂತಿಯನ್ನು ನಾನು ಮೊದಲು ಕಂಡಿರಲಿಲ್ಲ.

"ಬಾಯಾರ, ಈ ವಾಸನಿ ನನಗ ಛಲೋ ಗುರ್ತ ಐತಿ. ಇದು ಭಟ್ಟೀದು!"

"ಬಾಯಿ ಮುಚ್ಚೋ. ಅದು ಸಂಡಾಸ ತೊಳಿಯೂ ನೀರು."

"ಬಿಡ್ರಿ ಬಾಯಾರ. ಇಪ್ಪತ್ತ ವರ್ಸ ಕುಡದ ಬಿಟ್ಟಾಂವ ಹೇಳಾಕತ್ತೇನಿ."

ಸಂಜೆಯ ಹೊತ್ತಿಗೆ ಕ್ಯಾಂಪಸ್ಸಿನ ತುಂಬ ಸುದ್ದಿ. ಆಚಾರ್ರು ಕಳ್ಳಭಟ್ಟಿ ಇಟ್ಟಿದ್ದರಂತೆ, ಕರಿ ಬೆಲ್ಲ ಒಯ್ಯುತ್ತಿದ್ದದ್ದು ಅದಕ್ಕೇ ಅಂತೆ. ಮರುದಿನ ಒಬ್ಬ ಹವಾಲ್ದಾರರು, ಒಬ್ಬ ಪೊಲೀಸಪ್ಪ ಬಂದರು. ತೊರಗಲ್ಲಿನಿಂದ ಆಚಾರ್ರು ತಿಥಿಯ ತಲೆಬೋಳು ಹೊತ್ತು ಬಂದು ನಿಂತರು. ಕುಲಸಚಿವರು, ಅಂದರೆ ರಿಜಿಸ್ಟ್ರಾರ್ ಸಾಹೇಬರು, ಮೈಸೂರು ಕಡೆಯವರು. ಸಿಟ್ಟು ಬಂದರೂ ಬಹುವಚನ ಬಿಡುತ್ತಿರಲಿಲ್ಲ. ಉಳಿದಿದ್ದ ಕ್ಯಾನುಗಳನ್ನು ರಸಾಯನಶಾಸ್ತ್ರದ ಮೇಡಂ ಪರೀಕ್ಷೆ ಮಾಡಿ ಸತ್ಯ ಹೇಳಿಬಿಟ್ಟರು. ಹಳೆಯ ಕ್ಯಾನುಗಳಲ್ಲಿ ಬರೀ ಹುಳಿ. ಹೊಸದರಲ್ಲಿ ಸ್ವಲ್ಪ ಅಮಲಿನ ಅಂಶ ಇದ್ದೇ ಇರುತ್ತದೆ, ಮುಂದೆ ಅದೇ ಹುಳಿಯಾಗುತ್ತದೆ.

ಹವಾಲ್ದಾರರು ತಲೆ ಕೆರೆದುಕೊಂಡರು. "ಅಂದ್ರ ಮೇಡಂ, ಮೊದಲನೇ ತಿಂಗಳ ಅರೆಸ್ಟ್ ಮಾಡಬೇಕು, ಮೂರನೇ ತಿಂಗಳಿಗೆ ಬಿಡಬೇಕು, ಹಂಗೇನ್ರಿ?"

ಎಲ್ಲರೂ ನಕ್ಕರು. ಕೇಸು ನಗುವಿನಲ್ಲೇ ಮುಗಿಯಿತು. ಸಾಹೇಬರು ಮಾತ್ರ ನಗಲಿಲ್ಲ.

"ಇಷ್ಟು ದಿನ ಸಿಡಿಯದ್ದು ಈಗ ಯಾಕೆ ಸಿಡಿಯಿತು? ಮುಚ್ಚಳ ಬಿಗಿ ಮಾಡಿದವರು ಯಾರು?"

ನಾನು ಅಲ್ಲೇ ನಿಂತಿದ್ದೆ. ಫೇಸ್‌ಬುಕ್ಕಿನಲ್ಲಿ ಎಲ್ಲರ ಜನ್ಮ ಜಾಲಾಡುವ ನನ್ನ ನಾಲಿಗೆ ಅವತ್ತು ಅಂಗುಳಿಗೆ ಅಂಟಿತ್ತು. ಆಚಾರ್ರು ಬಗ್ಗಿ ನೆಲದ ಮೇಲಿನ ಸಿಪ್ಪೆಯ ನಡುವಿನಿಂದ ಏನನ್ನೋ ಎತ್ತಿ ಜೇಬಿಗೆ ಹಾಕಿಕೊಂಡರು. "ನಾನ ಸರ. ಹೋಗೂ ಗಡಿಬಿಡ್ಯಾಗ ಬಿಗಿ ಮಾಡಿಬಿಟ್ಟೇನಿ" ಎಂದರು.

"ಹಾಗಿದ್ದರೆ ಈ ಬೆಲ್ಲದ ಆಟ ಇವತ್ತಿಗೆ ಸಾಕು. ಮುಂದಿನ ತಿಂಗಳು ಪರಿಶೀಲನಾ ಸಮಿತಿ ಬರ್ತಾ ಇದೆ. ಮೊದಲಿನ ಹಾಗೆ ಆಸಿಡ್, ಫಿನೈಲ್ ತರಿಸಿ. ಬಾಯಿಯವರೇ, ಫೈಲ್ ಹಾಕಿ."

"ಸರ, ಮಲ್ಲವ್ವಗ ನಾ ಮಾತ ಕೊಟ್ಟೇನ್ರಿ."

"ಮಾತಿನ ಮೇಲೆ ಕ್ಯಾಂಪಸ್ ನಡೆಯಲ್ಲ, ಆಚಾರ್ರೇ."

ಮರುದಿನ ಮಲ್ಲವ್ವ ರಜೆ ಮುಗಿಸಿ ಬಂದಳು. ಸುದ್ದಿ ಕೇಳಿದವಳು ಮೆಟ್ಟಿಲು ಹತ್ತಿ ನನ್ನ ಬಾಗಿಲಿಗೆ ಬಂದಳು. ಚೌಕಟ್ಟು ಹಿಡಿದುಕೊಂಡು ಉಸಿರು ತಿರುಗುವ ತನಕ ನಿಂತಳು. "ಬಾಯಾರ, ಆಸಿಡ್ ಬರತೈತಂತ, ಖರೇನ್ರಿ? ಬಂದ್ರ ನಾ ಕೆಲಸಾ ಬಿಡಬೇಕಾಕ್ಕೈತಿ. ಅದರ ವಾಸನಿ ಹತ್ತಿದ್ರ ಎದಿ ಹಿಡೀತೈತಿ. ಡಾಕ್ಟರು ಬ್ಯಾರೆ ಹೇಳ್ಯಾರ. ಬಿಟ್ಟು ಎಲ್ಲಿ ಹೋಗ್ಲಿ?"

ಆಚಾರ್ರು ಹಿಂದೆಯೇ ಬಂದು ನನ್ನ ಮುಂದಿನ ಕುರ್ಚಿಯಲ್ಲಿ ಕುಳಿತರು. ಮುಚ್ಚಳದ ಮಾತು ಎತ್ತಲಿಲ್ಲ. "ಫೈಲ್ ಹಾಕ್ರಿ ಬಾಯಾರ, ನಿಮ್ಮ ನೌಕರಿ ಅದ" ಎಂದು ಎದ್ದು ಹೋದರು. ಬೈದಿದ್ದರೆ ಚೆನ್ನಾಗಿತ್ತು.

ಫೈಲು ಹಾಕಿದೆ. ಬರೆಯದೆ ಇರುವಂತಿರಲಿಲ್ಲ. ಆದರೆ ಇಷ್ಟು ವರ್ಷ ಸ್ಟೋರ್ಸಿನಲ್ಲಿ ಕುಳಿತು ಬೇರೇನು ಕಲಿತಿದ್ದೇನೋ ಬಿಟ್ಟಿದ್ದೇನೋ, ಫೈಲು ಓಡಿಸುವುದು ಮತ್ತು ಕೂರಿಸುವುದು ಎರಡೂ ಕಲಿತಿದ್ದೇನೆ. ಮೊದಲ ಟಿಪ್ಪಣಿ: "ಆಸಿಡ್ ದಾಸ್ತಾನಿಗೆ ಪ್ರತ್ಯೇಕ ಬೀಗದ ಕಪಾಟು ಇರುವುದಿಲ್ಲ, ಅಭಿಪ್ರಾಯ ಕೋರಿದೆ." ಫೈಲು ಎಂಜಿನಿಯರರ ಕಡೆ ಹೋಯಿತು. ಅವರು ಕಪಾಟಿನ ಅಳತೆ ಕೇಳಿದರು. ಅಳತೆ ಕೊಟ್ಟೆ, ಆದರೆ ಎತ್ತರ ಬಿಟ್ಟೆ. ತಿರುಗಿ ಬಂತು. ಎರಡನೆಯ ಟಿಪ್ಪಣಿ: "ಕೆಲಸಗಾರರಿಗೆ ಕೈಗವಸು, ಮುಖಗವಸು ಒದಗಿಸುವ ಬಗ್ಗೆ." ಹಣಕಾಸು ವಿಭಾಗಕ್ಕೆ. ಅಲ್ಲಿ ನಮ್ಮೂರಿನ ಗುಮಾಸ್ತರೊಬ್ಬರು ಇದ್ದರು. "ಇದನ್ನ ಎಷ್ಟ ದಿನಾ ಇಟಗೋಬೇಕ್ರಿ?" ಎಂದು ಕೇಳಿದರು. "ನಿಮಗ ಬ್ಯಾಸರಾಗೂತನಕ" ಎಂದೆ. ಮೂರನೆಯದು, "ಹಿಂದಿನ ಅವಘಡದ ಹಿನ್ನೆಲೆಯಲ್ಲಿ ವೈದ್ಯಕೀಯ ಅಭಿಪ್ರಾಯ." ಆರೋಗ್ಯ ಕೇಂದ್ರದ ಡಾಕ್ಟರು ಒಂದು ಪುಟ ಬರೆದರು. ಅದರ ಮೇಲೆ ನಾನು ಎರಡು ಪುಟ ಬರೆದೆ. ಸಾಹೇಬರು ಕೇಳಿದಾಗಲೆಲ್ಲ, "ಫೈಲು ಚಾಲ್ತಿಯಲ್ಲಿದೆ ಸರ್" ಎನ್ನುತ್ತಿದ್ದೆ. ಸುಳ್ಳಲ್ಲ. ಅದಕ್ಕಿಂತ ಹೆಚ್ಚು ಚಾಲ್ತಿಯಲ್ಲಿದ್ದ ಫೈಲು ಆ ವರ್ಷ ಇನ್ನೊಂದಿರಲಿಲ್ಲ.

ಇತ್ತ ಆಚಾರ್ರು ಒಡೆಯದೆ ಉಳಿದಿದ್ದ ಹಳೆಯ ಕ್ಯಾನುಗಳಲ್ಲೇ ಸುಧಾರಿಸಿದರು. "ಆಸಿಡ್ ಬರೂತನಕ ಏನರ ಹಚ್ಚಬೇಕಲ್ರಿ ಸರ" ಎಂದು ಸಾಹೇಬರಿಗೆ ಹೇಳಿಯೇ ಹಚ್ಚಿದರು. ಸಮಿತಿ ಬರುವ ಹಿಂದಿನ ದಿನ ಅವರು, ಮಲ್ಲವ್ವ, ಇನ್ನೂ ಆರು ಜನ ಹೆಣ್ಣುಮಕ್ಕಳು ಇಟ್ಟಿಗೆ ಚೂರು ಹಿಡಿದು ಕುಳಿತರು. ಸೀರೆ ಎತ್ತಿ ಕಟ್ಟಿಕೊಂಡು ನಾನೂ ಕುಳಿತೆ. ಆಚಾರ್ರು ನೋಡಿದರು. "ಬಾಯಾರ, ಆ ಮೂಲಿ ಬಿಟ್ರಿ" ಎಂದರು. ಅಷ್ಟೇ.

ಸಮಿತಿಯವರು ಬಂದರು, ಹೋಳಿಗೆ ಉಂಡರು, ಶೌಚಾಲಯಕ್ಕೂ ಹೋಗಿ ಬಂದರು. ಏನೂ ಅನ್ನಲಿಲ್ಲ. ಶೌಚಾಲಯದ ಬಗ್ಗೆ ಯಾರೂ ಏನೂ ಅನ್ನದೆ ಇರುವುದಕ್ಕಿಂತ ದೊಡ್ಡ ಪ್ರಶಸ್ತಿ ಇಲ್ಲ. ಸಾಹೇಬರಿಗೆ ಆಸಿಡ್ಡಿನ ನೆನಪು ಹೋಯಿತು, ಕೊನೆಗೆ ವರ್ಗವಾಗಿ ಅವರೂ ಹೋದರು. ಆಚಾರ್ರು ಯಾರನ್ನೂ ಕೇಳದೆ ಮತ್ತೆ ಎರಡು ಕ್ಯಾನು ಹೂಡಿದರು. ಎರಡು ನಾಲ್ಕಾದವು, ನಾಲ್ಕು ಹತ್ತಾದವು. ಕಾವಲುಗಾರ ದಿನಾ ಒಮ್ಮೆ ಶೆಡ್ಡಿನ ಹತ್ತಿರ ಹಾದು, ದೀರ್ಘವಾಗಿ ಉಸಿರೆಳೆದುಕೊಂಡು ಡ್ಯೂಟಿಗೆ ಹೋಗುತ್ತಿದ್ದ.

ನಿವೃತ್ತಿಯ ದಿನ ಶಾಲು ಹೊದಿಸಿದರೆ, "ಇದರಾಗ ನಾಕ ನೆಲಾ ಒರಸೂ ಅರಿವಿ ಆಗತಾವ" ಎಂದು ಮಡಚಿ ಮಲ್ಲವ್ವನ ಕೈಗೆ ಕೊಟ್ಟರು. ಆಮೇಲೆ ನನ್ನ ಟೇಬಲ್ಲಿಗೆ ಬಂದು ಅದೇ ಕುರ್ಚಿಯಲ್ಲಿ ಕುಳಿತರು.

"ಬಾಯಾರ, ಮುರಗೋಡದ ಮುದುಕಿ ಒಂದ ಪ್ರಶ್ನೆ ಕೇಳಿದ್ಲು. ನೆನಪದ ಏನು?"

"ನೀವು ಹ್ವಾದ ಮ್ಯಾಲ ಅಂತ."

"ಹಾಂ. ಅವತ್ತ ನನಗ ಉತ್ತರಾ ಗೊತ್ತಿರಲಿಲ್ಲ." ಜೇಬಿನಿಂದ ಒಂದು ಕಾಗದದ ಪುಡಿಕೆ ತೆಗೆದು ಟೇಬಲ್ಲಿನ ಮೇಲೆ ಇಟ್ಟರು. ಬಿಚ್ಚಿದೆ. ಫೈಲು ಕಟ್ಟುವ ಕೆಂಪು ದಾರ. ಎರಡು ಗಂಟು ಹಾಗೇ ಇದ್ದವು, ಬೆಲ್ಲದ ಕಲೆಯೂ ಇತ್ತು. ಅಂದು ಸಿಪ್ಪೆಯ ನಡುವಿನಿಂದ ಎತ್ತಿಕೊಂಡದ್ದು ಇದನ್ನೇ.

ನನ್ನ ಕಣ್ಣು ಮೇಲೇಳಲಿಲ್ಲ. "ಇರಬಿ ಬಾಳ ಇದ್ದೂರಿ ಆಚಾರ್ರ" ಎಂದೆ. ಇಷ್ಟು ವರ್ಷದ ಮೇಲೆ ಬಾಯಿಂದ ಬಂದದ್ದು ಅದೊಂದೇ.

"ಇರತಾವ ಬಿಡ್ರಿ. ಬೆಲ್ಲ ಅಲ್ಲೇನ್ರಿ?" ನಕ್ಕರು. "ಇಟಗೋರಿ. ನಿಮಗ ಗಂಟ ಹಾಕೂದು ಛಲೋ ಬರತದ."

ಇದಾಗಿ ಎರಡು ವರ್ಷ. ಮೊನ್ನೆ ಫೋನು ಬಂದ ಮೇಲೆ ನಾನು ತೊರಗಲ್ಲಿಗೆ ಹೋಗಲಿಲ್ಲ. ಕ್ಯಾಂಪಸ್ಸಿಗೇ ಹೋದೆ, ನೇರ ಶೆಡ್ಡಿಗೆ. ಮಲ್ಲವ್ವ ಆಗಲೇ ಕ್ಯಾನುಗಳ ಮುಂದೆ ಕುಳಿತಿದ್ದಳು. ಅವಳು ಈ ಕಡೆಯಿಂದ, ನಾನು ಆ ಕಡೆಯಿಂದ ಒಂದೊಂದೇ ಮುಚ್ಚಳ ತಿರುಗಿಸುತ್ತಾ ಬಂದೆವು. ಉಸ್, ಉಸ್. ಇರುವೆ ಇದ್ದವು. ಇರಲಿ ಎಂದು ಬಿಟ್ಟೆ.

ಹೊಸದಾಗಿ ಬಂದ ಸಾಹೇಬರು ಹೋದ ವಾರ ನನ್ನನ್ನು ಕರೆಸಿದ್ದರು. "ಟಾಯ್ಲೆಟ್ಟಿನಲ್ಲಿ ಫಿನೈಲ್ ವಾಸನೆಯೇ ಬರುವುದಿಲ್ಲವಲ್ಲ ಬಾಯಿಯವರೇ. ಹಿಂದೆ ಆಸಿಡ್ ಖರೀದಿಯ ಫೈಲು ಒಂದಿತ್ತಂತೆ. ತನ್ನಿ ನೋಡೋಣ" ಎಂದರು. "ಹುಡುಕುತ್ತೇನೆ ಸರ್" ಎಂದೆ. ಅವರು ಇದನ್ನು ಓದಿದರೂ ಓದಲಿ.

ಫೈಲು ನನ್ನ ಕೆಳಗಿನ ಡ್ರಾದಲ್ಲಿದೆ. ಆಚಾರ್ರು ಕೊಟ್ಟ ದಾರದಿಂದಲೇ ಕಟ್ಟಿಟ್ಟಿದ್ದೇನೆ, ಎರಡು ಗಂಟು ಹಾಕಿ. ನನ್ನ ನೌಕರಿ ಇನ್ನೂ ಒಂದಷ್ಟು ವರ್ಷವಿದೆ. ನಾನು ಹೋಗುವುದರೊಳಗೆ ಆ ಗಂಟು ಹಾಕುವುದನ್ನು ಇನ್ನೊಬ್ಬರಿಗೆ ಕಲಿಸಿ ಹೋಗುತ್ತೇನೆ. ದಿನಾ ಬೆಳಿಗ್ಗೆ ಎಲ್ಲ ಮುಚ್ಚಳ ಸಡಿಲ ಮಾಡುತ್ತೇನೆ. ಆ ಫೈಲಿನ ಗಂಟೊಂದನ್ನು ಬಿಟ್ಟು.